‘ಪುಟ್’ ಗೊತ್ತು, ‘ಆಫ್’ ಗೊತ್ತು. ‘ಪುಟ್ ಆಫ್’ ಎಂದರೇನು?

ಡಿಗ್ರಿ ಮುಗಿಸಿದ ಹುಡುಗನೊಬ್ಬನಿಗೆ ಸಂದರ್ಶನದ ಹಿಂದಿನ ದಿನ ಸುದ್ದಿ ಬರುತ್ತದೆ ಎಂದಿಟ್ಟುಕೊಳ್ಳಿ: ‘ದಿ ಇಂಟರ್‌ವ್ಯೂ ಹ್ಯಾಸ್ ಬೀನ್ ಪುಟ್ ಆಫ್.’ ಫ್ಯಾನ್ ಆಫ್ ಮಾಡುವುದು ಅವನಿಗೆ ಗೊತ್ತು. ಹಾಗಾದರೆ ಸಂದರ್ಶನ ರದ್ದಾಯಿತು ಎಂದುಕೊಂಡು ಊರಿನ ಬಸ್ಸು ಹತ್ತುತ್ತಾನೆ. ಮುಂದಿನ ವಾರ ಸಂದರ್ಶನ ನಡೆಯುತ್ತದೆ, ಅವನಿರುವುದಿಲ್ಲ. ‘ಪುಟ್ ಆಫ್’ ಎಂದರೆ ಮುಂದೂಡುವುದು. ರದ್ದು ಮಾಡುವುದಕ್ಕೆ ‘ಕಾಲ್ ಆಫ್’ ಎನ್ನಬೇಕು. ಎರಡು ಪುಟ್ಟ ಪದಗಳ ಗೊಂದಲ ಒಂದು ಅವಕಾಶವನ್ನೇ ಕಸಿದುಕೊಂಡಿತು.

ಕ್ರಿಯಾಪದಕ್ಕೆ ಆಫ್, ಅಪ್, ಔಟ್, ಇನ್‌ನಂಥ ಚಿಕ್ಕ ಪದ ಸೇರಿ ಹೊಸ ಅರ್ಥ ಹುಟ್ಟಿದರೆ ಅದು ‘ಫ್ರೇಸಲ್ ವರ್ಬ್’. ಇದು ಪರಭಾಷಿಕರಿಗೆ ಬಹಳ ತೊಡಕಿನದೆಂದು ಡಾ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಹೇಳಿದ್ದ. ಆದ್ದರಿಂದ ನಮ್ಮ ಮಕ್ಕಳು ಇಲ್ಲಿ ಎಡವಿದರೆ ನಾಚಿಕೆಪಡಬೇಕಾದ್ದಿಲ್ಲ.

ಕನ್ನಡದಲ್ಲೂ ಇಂಥದ್ದಿದೆ. ಕೈಕೊಡು, ಕೈಬಿಡು, ಕೈಹಿಡಿ, ಕೈಹಾಕು: ಇವುಗಳ ಅರ್ಥವನ್ನು ಬಿಡಿಬಿಡಿಯಾಗಿ ಹುಡುಕಿದರೆ ಸಿಕ್ಕದು. ‘ಈ ವರ್ಷ ಮಳೆ ಕೈಕೊಟ್ಟಿತು’ ಎಂದಾಗ ಮಳೆಗೆ ಕೈ ಎಲ್ಲಿದೆ ಎಂದು ಯಾವ ಮಗುವೂ ಕೇಳುವುದಿಲ್ಲ. ಇಡೀ ಮಾತನ್ನು ಕೇಳುತ್ತಲೇ ಕಲಿತಿರುತ್ತದೆ. ಇಂಗ್ಲಿಷಿನದನ್ನೂ ಹಾಗೆಯೇ ಕಲಿಯಬೇಕು.

ನಮ್ಮ ವಿದ್ಯಾರ್ಥಿಗಳ ಕಷ್ಟಕ್ಕೆ ಇನ್ನೊಂದು ಕಾರಣವುಂಟು. ಅವರು ಇಂಗ್ಲಿಷನ್ನು ಮೊದಲು ಪುಸ್ತಕದಿಂದ ಕಲಿಯುತ್ತಾರೆ. ಲ್ಯಾಟಿನ್ ಮೂಲದ ‘ಪೋಸ್ಟ್‌ಪೋನ್’, ‘ಟಾಲರೇಟ್’, ‘ಇನ್ವೆಸ್ಟಿಗೇಟ್’ ಅವರಿಗೆ ಗೊತ್ತು. ಅದೇ ಅರ್ಥದ ಆಡುಮಾತುಗಳಾದ ‘ಪುಟ್ ಆಫ್’, ‘ಪುಟ್ ಅಪ್ ವಿತ್’, ‘ಲುಕ್ ಇನ್‌ಟು’ ಬಂದರೆ ತಬ್ಬಿಬ್ಬಾಗುತ್ತಾರೆ. ಇಂಗ್ಲಿಷರ ಮನೆಯಲ್ಲಿ ಮಕ್ಕಳು ಮೊದಲು ಕಲಿಯುವುದು ಈ ಆಡುಮಾತನ್ನೇ.

ಪದಗಳ ಜಾಗವೂ ಮುಖ್ಯ. ‘ಪುಟ್ ಆಫ್ ದಿ ಮೀಟಿಂಗ್’, ‘ಪುಟ್ ದಿ ಮೀಟಿಂಗ್ ಆಫ್’ ಎರಡೂ ಸರಿ. ಆದರೆ ‘ಮೀಟಿಂಗ್’ ಬದಲು ‘ಇಟ್’ ಬಂದರೆ ‘ಪುಟ್ ಇಟ್ ಆಫ್’ ಎಂದೇ ಹೇಳಬೇಕು. ‘ಪುಟ್ ಆಫ್ ಇಟ್’ ತಪ್ಪು. ಎಲ್ಲ ಜೋಡಿಗಳೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. ‘ನೋಡಿಕೊಳ್ಳು’ ಎಂಬರ್ಥದ ‘ಲುಕ್ ಆಫ್ಟರ್’ ನಡುವೆ ಏನೂ ನುಸುಳದು: ‘ಲುಕ್ ಆಫ್ಟರ್ ಹರ್’ ಎಂದಷ್ಟೇ ಸರಿ.

ನಮ್ಮಲ್ಲಿ ಬೇರೂರಿದ ಕೆಲವು ಬಳಕೆಗಳನ್ನೂ ಗಮನಿಸಿ. ‘ಕೋಪ್ ಅಪ್ ವಿತ್’ ಅಲ್ಲ, ‘ಕೋಪ್ ವಿತ್’. ‘ಡಿಸ್ಕಸ್ ಅಬೌಟ್’ ಅಲ್ಲ, ಬರೀ ‘ಡಿಸ್ಕಸ್’. ‘ಐ ಪಾಸ್ಡ್ ಔಟ್ ಇನ್ 2022’ ಎಂದರೆ ಭಾರತದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಬ್ರಿಟನ್ನಿನಲ್ಲಿ ಸೇನಾ ತರಬೇತಿ ಮುಗಿಸಿದವರ ವಿಷಯದಲ್ಲಿ ಈ ಮಾತು ಸಲ್ಲುತ್ತದೆ. ಉಳಿದಂತೆ ಅದರ ಸಾಮಾನ್ಯ ಅರ್ಥ ಪ್ರಜ್ಞೆ ತಪ್ಪುವುದು! ವಿದೇಶಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವರು ‘ಗ್ರ್ಯಾಜುಯೇಟೆಡ್’ ಎಂದು ಬರೆಯುವುದು ಕ್ಷೇಮ.

ಹಾಗಾದರೆ ಕಲಿಯುವುದು ಹೇಗೆ? ನೂರು ಜೋಡಿಗಳ ಪಟ್ಟಿ ಉರುಹೊಡೆದರೆ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಓದುವಾಗ ಸಿಕ್ಕಿದ್ದನ್ನು ಇಡೀ ವಾಕ್ಯದ ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ತನ್ನದೇ ಒಂದು ವಾಕ್ಯ ಸೇರಿಸುವುದು ಒಳ್ಳೆಯದು. ದಿನಕ್ಕೆ ಎರಡು ಸಾಕು. ಕಲಿಯುವವರಿಗೆಂದೇ ಇರುವ ನಿಘಂಟುಗಳಲ್ಲಿ ಇವು ಮೂಲ ಕ್ರಿಯಾಪದದ ಕೆಳಗೇ ಸಿಗುತ್ತವೆ. ‘ಗಿವ್ ಅಪ್’ ಬೇಕಾದರೆ ‘ಗಿವ್’ ನೋಡಬೇಕು.

ಇಂಗ್ಲಿಷ್ ಬಾರದ ತಂದೆತಾಯಿಯೂ ಇದರಲ್ಲಿ ನೆರವಾಗಬಹುದು. ಮಗು ಓದಿದ ವಾಕ್ಯವನ್ನು ‘ಕನ್ನಡದಲ್ಲಿ ಹೇಳು’ ಎಂದು ಕೇಳಿದರೆ ಸಾಕು. ಹೇಳಿದ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಇಂಗ್ಲಿಷ್ ಅರ್ಥವಾಗಿಲ್ಲವೆಂದೇ ತಿಳಿಯಬೇಕು. ‘ಸಂದರ್ಶನವನ್ನು ಆಫ್ ಇಟ್ಟಿದ್ದಾರೆ’ ಎಂದು ಆ ಹುಡುಗ ಮನೆಯಲ್ಲಿ ಹೇಳಿದ್ದರೆ, ‘ಹಾಗೆಂದರೇನಪ್ಪಾ, ಒಮ್ಮೆ ವಿಚಾರಿಸಿ ನೋಡು’ ಎಂದು ಅಮ್ಮನಾದರೂ ಅನ್ನುತ್ತಿದ್ದರು.