ಬೀಗಲ್ ಕರುಳಿನ ಲೆಕ್ಕ ಮನುಷ್ಯನಿಗೆ ಹೊಂದದು

ಔಷಧ ಪರೀಕ್ಷೆಯಲ್ಲಿ ಪ್ರಾಣಿಗಳ ಬಳಕೆಯನ್ನು ಹಂತಹಂತವಾಗಿ ತಗ್ಗಿಸುವುದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಏಪ್ರಿಲ್‌ನಲ್ಲಿ ಘೋಷಿಸಿತು. ಆರಂಭ ಮೊನೊಕ್ಲೋನಲ್ ಆ್ಯಂಟಿಬಾಡಿಗಳಿಂದ. ಅವು ಸೂಜಿಯಲ್ಲಿ ಹೋಗುವ ಮದ್ದು. ಅಲ್ಲಿ ಕರುಳಿನ ಪ್ರಶ್ನೆಯೇ ಏಳುವುದಿಲ್ಲ. ನಮ್ಮಲ್ಲಿ 2023ರ ಮಾರ್ಚ್‌ನಲ್ಲಿ ನಿಯಮ ತಿದ್ದಿ ಜೀವಕೋಶ ಪರೀಕ್ಷೆ, ಆರ್ಗನ್ ಚಿಪ್‌ಗಳಿಗೆ ಅವಕಾಶ ಕೊಟ್ಟಾಗಲೂ ವಾದವೆಲ್ಲ ದಯೆ ಮತ್ತು ಸುರಕ್ಷತೆಯ ನಡುವೆಯೇ ನಡೆಯಿತು; ಕರುಳಿನ ಹೀರಿಕೆಯ ಪ್ರಶ್ನೆ ಬದಿಗೇ ಉಳಿಯಿತು.

ನುಂಗುವ ಮಾತ್ರೆ ಎಷ್ಟು ಹೀರಿಕೆಯಾಗುತ್ತದೆ ಎಂಬುದನ್ನು ಬೀಗಲ್ ನಾಯಿಯಿಂದ ಅಂದಾಜು ಮಾಡುವ ಪದ್ಧತಿಗೆ ಗಟ್ಟಿ ಆಧಾರವಿಲ್ಲ. ಇದು ಹೊಸ ಸಂಗತಿಯೂ ಅಲ್ಲ. ಸಂಶೋಧಕ ವಿನ್ ಚಿಯೊ ಮತ್ತು ಸಂಗಡಿಗರು 2000ದಲ್ಲಿ 43 ಔಷಧಗಳ ಹೀರಿಕೆಯನ್ನು ನಾಯಿ ಮತ್ತು ಮನುಷ್ಯರಲ್ಲಿ ಹೋಲಿಸಿದರು. ಸಹಸಂಬಂಧದ ವರ್ಗ ಬಂದದ್ದು 0.51. ಅಂದರೆ ಮನುಷ್ಯರಲ್ಲಿ ಕಾಣುವ ಏರಿಳಿತದ ಅರ್ಧವನ್ನಷ್ಟೇ ನಾಯಿ ವಿವರಿಸುತ್ತದೆ. ಇದೇ ಚಿಯೊ 1998ರಲ್ಲಿ 64 ಔಷಧಗಳನ್ನು ಇಲಿಯಲ್ಲಿ ಹೋಲಿಸಿದಾಗ ಸಿಕ್ಕಿದ್ದು 0.97. ಕಾಲು ಶತಮಾನದಿಂದ ಈ ಎರಡು ಅಂಕಿಗಳು ಅಕ್ಕಪಕ್ಕದಲ್ಲೇ ಇವೆ. ಆದರೂ ಇಡೀ ಮಾತ್ರೆ ನುಂಗಿಸಬಹುದು ಎಂಬ ಅನುಕೂಲಕ್ಕೆ ನಾಯಿಯನ್ನೇ ಹಿಡಿದುಕೊಂಡಿದ್ದೇವೆ.

ಪೂರ್ತಿ ಹೀರಿಕೆಯಾಗುವ ಔಷಧಗಳಲ್ಲಿ ನಾಯಿಯ ಫಲಿತಾಂಶ ಸರಿಹೊಂದುತ್ತದೆ ಎನ್ನುವವರಿದ್ದಾರೆ. ನಿಜ, ಆದರೆ ಅಂದಾಜು ಬೇಕಾಗುವುದು ಅರೆಬರೆ ಹೀರಿಕೆಯಾಗುವ ಔಷಧಗಳಿಗೆ. ರಕ್ತದೊತ್ತಡದ ಅಟೆನೊಲಾಲ್ ಮನುಷ್ಯನಲ್ಲಿ ಸುಮಾರು ಅರ್ಧ ಹೀರಿಕೆಯಾಗುತ್ತದೆ, ನಾಯಿಯಲ್ಲಿ ಬಹುಪಾಲು ಪೂರ್ತಿ. ಸರ್ಪಸುತ್ತಿಗೆ ಕೊಡುವ ಅಸೈಕ್ಲೊವಿರ್ ನಮ್ಮಲ್ಲಿ ಶೇ 15ರಿಂದ 30ರಷ್ಟು ರಕ್ತ ಸೇರಿದರೆ, ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ನಾಯಿಯಲ್ಲಿ ಅದು ಶೇ 80ರ ಆಸುಪಾಸು. ನಾಯಿಯ ಕರುಳಿನಲ್ಲಿ ಜೀವಕೋಶಗಳ ನಡುವಿನ ಸಂದು ಹೆಚ್ಚು ಸಡಿಲ; ನೀರಿನಲ್ಲಿ ಕರಗುವ ಸಣ್ಣ ಅಣುಗಳು ಅಲ್ಲಿಂದ ನುಸುಳಿಬಿಡುತ್ತವೆ.

ಈಗ ನಾಯಿ ಕರುಳಿನ ಸಾಗಣೆ ಪ್ರೋಟೀನ್‌ಗಳ ವಂಶವಾಹಿ ಪಟ್ಟಿಗಳನ್ನು ಉತ್ತರವೆಂದು ಮುಂದಿಡಲಾಗುತ್ತಿದೆ. ಪೆಪ್ಟೈಡ್ ಒಳಗೆಳೆಯುವ ಪೆಪ್ಟ್-1, ಔಷಧವನ್ನು ಹೊರದೂಡುವ ಪಿ-ಗ್ಲೈಕೊಪ್ರೋಟೀನ್ ಕರುಳಿನ ಯಾವ ಭಾಗದಲ್ಲಿ ಎಷ್ಟು ಎಂಬ ವಿವರ ಬೇಕೇ ಬೇಕು. ಆದರೆ ಆ ಪಟ್ಟಿಗಳಿಗಾಗಿ ಅಳೆಯುವುದು ವಂಶವಾಹಿಯ ನಕಲಾದ ಆರ್‌ಎನ್‌ಎ. ಪ್ರೋಟೀನ್ ಅಷ್ಟೇ ಪ್ರಮಾಣದಲ್ಲಿ ಇದೆ ಎಂಬ ಖಾತರಿಯಿಲ್ಲ. ಸಂದಿನಲ್ಲಿ ನುಸುಳುವ ಅಟೆನೊಲಾಲ್‌ನಂಥದ್ದರ ಬಗ್ಗೆ ಆ ಪಟ್ಟಿ ಹೆಚ್ಚೇನನ್ನೂ ಹೇಳುವುದಿಲ್ಲ. ನಾಯಿ ನಾಯಿಗೂ ವ್ಯತ್ಯಾಸವಿದೆ. ಪಿ-ಗ್ಲೈಕೊಪ್ರೋಟೀನ್ ತಯಾರಿಸುವ ಎಬಿಸಿಬಿ1 ವಂಶವಾಹಿಯಲ್ಲಿ ನಾಲ್ಕೇ ಅಕ್ಷರ ಬಿಟ್ಟುಹೋದ ಕೋಲಿ ತಳಿಯ ನಾಯಿಗಳಿಗೆ ಪರೋಪಜೀವಿ ಮದ್ದು ಐವರ್‌ಮೆಕ್ಟಿನ್ ಮೆದುಳಿಗೆ ಏರಿ ಪ್ರಾಣಕ್ಕೆ ಕುತ್ತು ತರುತ್ತದೆ. ನಾಯಿಯ ವೈದ್ಯಕ್ಕೆ ಈ ವಂಶವಾಹಿಗಳ ಅಧ್ಯಯನ ಅಮೂಲ್ಯ, ಅದಕ್ಕೆ ಇನ್ನಷ್ಟು ಹಣ ಸಿಗಲಿ.

ಮನುಷ್ಯನ ಮಾತ್ರೆಗೆ ಅನುಮತಿ ಕೇಳುವವರು ಮಾತ್ರ ಬೀಗಲ್ ಹೀರಿಕೆಯ ಅಂಕಿಯೊಂದನ್ನೇ ತರಬಾರದು. ಜೊತೆಗೆ ಮಾನವ ಕರುಳಿನ ಜೀವಕೋಶಗಳಲ್ಲಿನ ಫಲಿತಾಂಶವನ್ನೂ, ಅಳೆದ ಪ್ರೋಟೀನ್ ಪ್ರಮಾಣವನ್ನೂ ಇಡಬೇಕು. ಇದನ್ನು ಕಡ್ಡಾಯ ಮಾಡಬೇಕಾದದ್ದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ.