ವಿಕಟಕವಿ ಪಾಲಿಂಡ್ರೋಮ್ ಅಲ್ವಂತೆ!

ಲ್ಯಾಬ್‌ನಲ್ಲಿ ನಾವೆಲ್ಲ ಪಾಲಿಂಡ್ರೋಮ್ ಪ್ರೋಗ್ರಾಂ ಬರೆದವರೇ. ಒಂದು ಇಂಗ್ಲಿಷ್ ಪದ ಕೊಟ್ಟು, ಔಟ್‌ಪುಟ್ ತೋರಿಸಿ, ಸಹಿ ಹಾಕಿಸಿಕೊಂಡು ಬಂದೆವು. ಮೊನ್ನೆ ಹಾಸ್ಟೆಲ್‌ನಲ್ಲಿ ಅದನ್ನೇ ರೂಬಿಯಲ್ಲಿ ಒಂದೇ ಸಾಲು ಬರೆದು 'ವಿಕಟಕವಿ' ಅಂತ ಕೊಟ್ಟರೆ, ಅಲ್ಲ ಎಂದಿತು ಮಾರಾಯ್ರೆ!

ಕಾರಣ ಇಷ್ಟೇ. ಯೂನಿಕೋಡ್‌ನಲ್ಲಿ 'ವಿ' ಅಂದರೆ ಎರಡು: 'ವ' ಮತ್ತು ಗುಡಿಸು. ರಿವರ್ಸ್ ಮಾಡಿದರೆ ಗುಡಿಸು ಪಕ್ಕದ ಅಕ್ಷರಕ್ಕೆ ಅಂಟಿ, ಕೊನೆಯ 'ಕವಿ' ಹೋಗಿ 'ಕಿವ' ಆಗುತ್ತದೆ. ನಮ್ಮ ಊರುಗಳನ್ನೂ ಅಳೆದೆವು. ಬಂಟ್ವಾಳ ನಮಗೆ 3 ಅಕ್ಷರ, ಕಂಪ್ಯೂಟರಿಗೆ 7. ಬೆಳ್ತಂಗಡಿ 4, ಅದಕ್ಕೆ 9. ಮೂಡುಬಿದಿರೆ 5, ಅದಕ್ಕೆ 10.

ತಮಾಷೆ ಅನ್ನಿಸಬಹುದು. ಆದರೆ ನಾಳೆ ನಾವೇ ಒಂದು ಫಾರ್ಮ್ ಮಾಡಿ, ಹೆಸರಿಗೆ 10 ಅಕ್ಷರ ಸಾಕು ಎಂದರೆ, ಬೆಳ್ತಂಗಡಿಯ ಅಜ್ಜಿಯ ಹೆಸರು ಅರ್ಧಕ್ಕೇ ತುಂಡು. ತಪ್ಪು ಕಂಪ್ಯೂಟರಿನದ್ದಲ್ಲ, ಕನ್ನಡದಲ್ಲಿ ಟೆಸ್ಟ್ ಮಾಡದ ನಮ್ಮದು.

1995ರಲ್ಲಿ ರೂಬಿಯನ್ನು ಹೊರತಂದ ಯುಕಿಹಿರೊ ಮಾತ್ಸುಮೊಟೊ ಜಪಾನಿನವರು. ಅದರಲ್ಲಿ ಸ್ಟ್ರಿಂಗ್ ಕೂಡ ಒಂದು ಆಬ್ಜೆಕ್ಟ್; ಅದರ 'ಗ್ರಾಫೀಮ್ ಕ್ಲಸ್ಟರ್ಸ್' ಮೆಥಡ್ ಕರೆದರೆ 'ವಿ' ಒಂದೇ ಆಗಿ ಸಿಗುತ್ತದೆ. ವಿಕಟಕವಿ ಪಾಸ್! ನಮ್ಮ ಲ್ಯಾಪ್‌ಟಾಪಿನಲ್ಲಿ ಬಂಟ್ವಾಳದ 'ಟ್ವಾ' ಮಾತ್ರ ಆಗಲೂ ಎರಡು ತುಂಡಾಯಿತು. ಒತ್ತಕ್ಷರ ಜೋಡಿಸಲು ಇನ್ನೆರಡು ಸಾಲು ನಾವೇ ಬರೆದೆವು.

ಇಂಗ್ಲಿಷ್ ಮೀಡಿಯಂನ ನಮಗೆ ಗುಡಿಸು, ಒತ್ತಕ್ಷರ ಎಂಬ ಶಬ್ದಗಳು ಮತ್ತೆ ನೆನಪಾದದ್ದು ಹೀಗೆ. ಅದಕ್ಕೇ ಹೇಳುವುದು: ಮುಂದಿನ ಸ್ಕ್ರಿಪ್ಟ್ ಎಷ್ಟೇ ಚಿಕ್ಕದಿರಲಿ, ಸಬ್ಮಿಟ್ ಮಾಡುವ ಮೊದಲು ನಿಮ್ಮೂರಿನ ಹೆಸರನ್ನು ಕನ್ನಡದಲ್ಲಿ ಕೊಟ್ಟು ಒಮ್ಮೆ ಓಡಿಸಿ ನೋಡಿ.