ಕ್ಯಾಮೆರಾದ ಕಣ್ಣಿಗೆ ಬರೆದ ಅಕ್ಷರಗಳು

ಹಮ್ಮಿಗಿಯು ಮುಂಡರಗಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಊರು. 2023ರ ವಿಶ್ವಕಪ್ ಕ್ರಿಕೆಟ್ಟಿನ ದಿನಗಳಲ್ಲಿ ಅಲ್ಲಿಯ ಒಂದು ಮನೆಯ ಪಡಸಾಲೆಯಲ್ಲಿ ನಾವು ಕೆಲವರು ವಿದ್ಯಾರ್ಥಿಗಳೊಡನೆ ಕುಳಿತು ದೂರದರ್ಶನದಲ್ಲಿ ಪಂದ್ಯವನ್ನು ನೋಡುತ್ತಿದ್ದೆವು. ವಿಕೆಟ್ಟಿನ ಹಿಂದೆ, ದೂರದ ಹುಲ್ಲಿನ ಮೇಲೆ, ಜಾಹೀರಾತಿನ ಹಲಗೆಯೊಂದು ನೆಟ್ಟಗೆ ನಿಂತಂತೆ ಕಾಣುತ್ತಿತ್ತು. ಚೆಂಡಿನ ಬೆನ್ನು ಹತ್ತಿದ ಆಟಗಾರನು ನೇರವಾಗಿ ಅದರ ಮೇಲೆಯೇ ಓಡಿಹೋದನು. ಹತ್ತನೆಯ ತರಗತಿಯ ಹುಡುಗನೊಬ್ಬನು ಕೇಳಿದನು: “ಸರ, ಅಂವ ಆ ಹಲಗಿಗೆ ಎಡವಿ ಬೀಳಲಿಲ್ಲಲ್ರಿ, ಹೆಂಗ?”

ಪ್ರಶ್ನೆ ಚಿಕ್ಕದು, ಆದರೆ ಅದರಲ್ಲಿ ಬೆಳಕಿನ ಪಾಠವೊಂದಿದೆ. ಪತ್ರಿಕೆಯನ್ನು ಓದುವ, ದೂರದರ್ಶನವನ್ನು ನೋಡುವ ಬಗೆಯನ್ನು ಕುರಿತ ಪಾಠವೂ ಇದೆ ಎಂದು ನಾವು ಭಾವಿಸುತ್ತೇವೆ.

ಅಲ್ಲಿ ಹಲಗೆಯೇ ಇಲ್ಲ. ಇರುವುದು ನೆಲಕ್ಕೆ ಬಳಿದ ಬಣ್ಣ, ಇಲ್ಲವೆ ನೆಲಕ್ಕೆ ಹಾಸಿದ ಚಾಪೆ. ಬೆಳಕು ಸರಳರೇಖೆಯಲ್ಲಿ ಸಾಗುವುದಷ್ಟೆ. ಕ್ಯಾಮೆರಾ ನೆಲದಿಂದ 20 ಮೀಟರ್ ಎತ್ತರದಲ್ಲಿದೆ ಎಂದು ಊಹಿಸಿರಿ. ಅದರಿಂದ 100 ಮೀಟರ್ ದೂರದಲ್ಲಿ 1 ಮೀಟರ್ ಎತ್ತರದ ಹಲಗೆಯನ್ನು ನಿಲ್ಲಿಸಿ, ಕ್ಯಾಮೆರಾ ಇರುವ ಸ್ಥಳದಲ್ಲಿ ದೀಪವೊಂದನ್ನು ಇಟ್ಟರೆ, ಹಲಗೆಯ ನೆರಳು ನೆಲದ ಮೇಲೆ ಎಷ್ಟು ಉದ್ದ ಬೀಳುವುದು? ಸಮರೂಪ ತ್ರಿಭುಜಗಳ ನಿಯಮದಂತೆ ಲೆಕ್ಕ ಹಾಕಿದರೆ ಸುಮಾರು 5.3 ಮೀಟರ್ ಬರುತ್ತದೆ. ಈ ನೆರಳಿನ ಆಕಾರದಲ್ಲಿಯೇ ಅಕ್ಷರಗಳನ್ನು ಹಿಗ್ಗಿಸಿ ಬರೆದರೆ, ಕ್ಯಾಮೆರಾದ ಕಣ್ಣಿಗೆ ಅವು ಎದ್ದು ನಿಂತಂತೆ ತೋರುತ್ತವೆ. ವಿದ್ಯೆಯೇನೂ ಹೊಸದಲ್ಲ, ಹಾಲ್ಬೈನ್ ಎಂಬ ಚಿತ್ರಕಾರನು 1533ರಲ್ಲಿಯೇ, ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದಾಗ ಮಾತ್ರ ಸರಿಯಾಗಿ ಕಾಣುವ ತಲೆಬುರುಡೆಯೊಂದನ್ನು ತನ್ನ ಚಿತ್ರದಲ್ಲಿ ಬರೆದಿದ್ದನು. ಹಣ ತೆತ್ತು ಕ್ರೀಡಾಂಗಣದ ಬದಿಯಲ್ಲಿ ಕುಳಿತವನಿಗೆ ಮೈದಾನದ ಈ ಅಕ್ಷರಗಳು ಉದ್ದುದ್ದ ಎಳೆದ ಪಟ್ಟೆಗಳು ಮಾತ್ರ. ಅವನ್ನು ಬರೆದದ್ದು ಅವನಿಗಾಗಿ ಅಲ್ಲ, ಹಮ್ಮಿಗಿಯ ಪಡಸಾಲೆಯಲ್ಲಿ ಕುಳಿತ ಹುಡುಗನಿಗಾಗಿ.

ಅಕ್ಷರಗಳನ್ನಷ್ಟೇ ಅಲ್ಲ, ಪಂದ್ಯಾವಳಿಯ ಹೆಸರನ್ನೂ ಹೀಗೆ ಬರೆಯಬಹುದು. 1996ರ ವಿಶ್ವಕಪ್ಪನ್ನು ಭಾರತ, ಪಾಕಿಸ್ತಾನ ಮತ್ತು ಶ್ರೀಲಂಕಾಗಳಲ್ಲಿ ಆಡಲಾಯಿತು. ಅದರ ಅಧಿಕೃತ ಹೆಸರು ವಿಲ್ಸ್ ವರ್ಲ್ಡ್ ಕಪ್. ವಿಲ್ಸ್ ಎಂಬುದು ಸಿಗರೇಟಿನ ಹೆಸರು. ಆ ವರ್ಷದ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತವು ಪಾಕಿಸ್ತಾನವನ್ನು 39 ರನ್ನುಗಳಿಂದ ಸೋಲಿಸಿತು. ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್ ಮೂವರೂ ಕರ್ನಾಟಕದವರೇ. ನಾಡಿಗೆ ನಾಡೇ ಹಿಗ್ಗಿದ ಆ ಸಂಜೆಯನ್ನು ನೆನೆಯುವ ನಮ್ಮ ಹಿರಿಯರಲ್ಲಿ ಹಲವರು ಇಂದಿಗೂ “ವಿಲ್ಸ್ ಕಪ್” ಎಂದೇ ಹೇಳುವರು. ಸಿಗರೇಟಿನ ಹೆಸರನ್ನು ಹೇಳುತ್ತಿದ್ದೇವೆ ಎಂಬ ಎಚ್ಚರ ಅವರಿಗಿಲ್ಲ. ಅವರ ಪಾಲಿಗೆ ಅದು ಗೆಲುವಿನ ಹೆಸರು. ಜಾಹೀರಾತುದಾರನು ಬಯಸುವುದೂ ಇದನ್ನೇ. ಜಾಹೀರಾತನ್ನು ಓದುವವನು ಸಂಶಯದಿಂದ ಓದುತ್ತಾನೆ. ಸುದ್ದಿಯನ್ನು ಓದುವವನು ನಂಬಿಕೆಯಿಂದ ಓದುತ್ತಾನೆ. ಜಾಹೀರಾತು ಸುದ್ದಿಯ ಶೀರ್ಷಿಕೆಯೊಳಕ್ಕೆ ಸೇರಿಕೊಂಡಾಗ ಆ ನಂಬಿಕೆಯೂ ಅದಕ್ಕೆ ದೊರೆಯುತ್ತದೆ.

ಇಂತಹ ಹೆಸರುಗಳೆಲ್ಲವೂ ಕೇಡಿನವು ಎಂದು ನಾವು ಹೇಳುವುದಿಲ್ಲ. ಗದಗಿನ ಸುನಿಲ್ ಜೋಶಿಯವರು 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರುಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದರು. ಆ ಪಂದ್ಯಾವಳಿಯು ದೂರದರ್ಶನ ಯಂತ್ರಗಳನ್ನೂ ಶೀತಕಪೆಟ್ಟಿಗೆಗಳನ್ನೂ ತಯಾರಿಸುವ ಎಲ್‌ಜಿ ಕಂಪನಿಯ ಹೆಸರಿನದು. ಅದರಿಂದ ಯಾರ ಶ್ವಾಸಕೋಶಕ್ಕೂ ಹಾನಿಯಾಗಲಿಲ್ಲ. ಪ್ರಾಯೋಜಕರ ಹಣವಿಲ್ಲದೆ ಇಂದಿನ ದೊಡ್ಡ ಪಂದ್ಯಾವಳಿಗಳು ನಡೆಯವು, ಅವುಗಳ ಪ್ರಸಾರವೂ ಹಳ್ಳಿಯ ಮನೆಗೆ ಇಷ್ಟು ಅಗ್ಗವಾಗಿ ತಲುಪದು ಎಂಬ ವಾದವನ್ನೂ ನಾವು ಒಪ್ಪುತ್ತೇವೆ.

ಆದರೆ ತಂಬಾಕಿನ ಮಾತು ಬೇರೆ. ಅದು ಬಾಯಿ, ಗಂಟಲು, ಶ್ವಾಸಕೋಶಗಳ ಅರ್ಬುದಕ್ಕೆ ಕಾರಣವೆಂಬುದು ಸಿದ್ಧವಾದ ಸಂಗತಿ. 2003ರ ಕೇಂದ್ರ ಕಾಯಿದೆಯು ತಂಬಾಕಿನ ಜಾಹೀರಾತನ್ನೂ ಪ್ರಾಯೋಜನೆಯನ್ನೂ ನಿಷೇಧಿಸಿತು. ಕರ್ನಾಟಕವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೂ ಕ್ರಿಕೆಟ್ ಪ್ರಸಾರದ ನಡುವೆ ಅಂಥವೇ ಹೆಸರುಗಳು ಏಲಕ್ಕಿಯ, ಪಾನ್ ಮಸಾಲೆಯ ವೇಷ ತೊಟ್ಟು ಬಂದುದನ್ನು ನಾವೆಲ್ಲರೂ ನೋಡಿದ್ದೇವೆ. ಕಾಯಿದೆಯ ಕಡೆಯಿಂದ ನೋಡಿದರೆ ಅದು ಏಲಕ್ಕಿ. ಗುಟ್ಕಾ ತಿನ್ನುವವನ ಕಡೆಯಿಂದ ನೋಡಿದರೆ ಅದು ಅವನ ಹಳೆಯ ಚೀಟಿ. ಮೈದಾನದ ಅಕ್ಷರಗಳಂತೆ ಇದನ್ನೂ ಒಂದು ಕಣ್ಣಿಗೆ ಒಂದು ರೀತಿ, ಇನ್ನೊಂದು ಕಣ್ಣಿಗೆ ಇನ್ನೊಂದು ರೀತಿ ಕಾಣುವಂತೆ ಬರೆಯಲಾಗಿದೆ.

ಆದ್ದರಿಂದ ತಂಬಾಕಿನ ಹೆಸರು ಯಾವ ಸರಕಿನ ವೇಷದಲ್ಲಿ ಬಂದರೂ ಅದಕ್ಕೆ ಕ್ರೀಡಾಪ್ರಸಾರದಲ್ಲಿ ಎಡೆಯಿರಬಾರದು ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ಪತ್ರಿಕೆಗಳು ಪಂದ್ಯಾವಳಿಯ ಹೆಸರನ್ನು ಬರೆಯುವಾಗ ವಿಶ್ವಕಪ್ ಎಂದಷ್ಟೇ ಬರೆದರೆ ಸಾಕು. ಹಣ ಕೊಟ್ಟವರು ಯಾರೆಂಬುದನ್ನು ಬೇರೊಂದು ವಾಕ್ಯದಲ್ಲಿ ತಿಳಿಸಲಿ. ಅದೂ ಓದುಗನು ತಿಳಿಯಬೇಕಾದ ಸುದ್ದಿಯೇ.

ವಿದ್ಯಾರ್ಥಿಗಳಾದರೋ ಇಂದು ರಾತ್ರಿಯೇ ಒಂದು ಪ್ರಯೋಗವನ್ನು ಮಾಡಬಹುದು. ರಟ್ಟಿನಿಂದ ಒಂದು ಅಕ್ಷರವನ್ನು ಕತ್ತರಿಸಿ ನೆಲದ ಮೇಲೆ ನಿಲ್ಲಿಸಿರಿ. ತುಸು ಎತ್ತರದಿಂದ ಬ್ಯಾಟರಿಯ ಬೆಳಕು ಬಿಟ್ಟು ನೆರಳಿನ ಅಂಚನ್ನು ಸೀಮೆಸುಣ್ಣದಿಂದ ಗುರುತಿಸಿರಿ. ಬಳಿಕ ರಟ್ಟನ್ನು ತೆಗೆದು, ಬ್ಯಾಟರಿಯಿದ್ದ ಸ್ಥಳದಲ್ಲಿ ಒಂದು ಕಣ್ಣನ್ನಿಟ್ಟು, ಇನ್ನೊಂದನ್ನು ಮುಚ್ಚಿ ನೋಡಿರಿ. ಅಕ್ಷರವು ಎದ್ದು ನಿಂತಿರುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಅದು ನೆಲಕ್ಕೆ ಮಲಗುತ್ತದೆ. ಹಮ್ಮಿಗಿಯ ಹುಡುಗನು ತನ್ನ ಮನೆಯ ಅಂಗಳದಲ್ಲಿ ಇದನ್ನು ಮಾಡಿ ನೋಡಿದನು. ಮುಂದಿನ ಪಂದ್ಯದ ದಿನ ಅವನು ನಮ್ಮನ್ನು ಮತ್ತೆ ಕೇಳಿದನು: “ಸರ, ಇದನ್ನ ಬರಿಯಾಕ ರೊಕ್ಕ ಕೊಟ್ಟಾವ ಯಾರ್ರಿ?” ಈ ಸಲದ ಪ್ರಶ್ನೆ ಮೊದಲಿನದಕ್ಕಿಂತ ದೊಡ್ಡದಾಗಿತ್ತು.